ಮೊದಲ ಹತ್ತು ಸಾಲು

ಕಚೇರಿಯಲ್ಲಿ ಅವನಿಗೆ ಎದುರಿಗೆ ಸರ್, ಬೆನ್ನ ಹಿಂದೆ ಬಿರುಕಪ್ಪ. ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಊರೆಲ್ಲ ಹೊಗಳಿದ ಹೊಸ ಸೇತುವೆಯ ಮುಂದೆ ನಿಲ್ಲಿಸಿದರೂ ಅವನ ಕಣ್ಣು ನೆಟ್ಟಗೆ ಹೋಗುವುದು ಕಂಬದ ಬುಡದ ಕೂದಲೆಳೆಯಂಥ ಗೀರಿಗೆ. ಸೇತುವೆ ಅಂದರೆ ಎಂದಾದರೊಂದು ದಿನ ಬೀಳಲು ಹೊಂಚು ಹಾಕಿ ನಿಂತಿರುವ ವಸ್ತು ಎಂಬುದು ಅವನ ನಂಬಿಕೆ. ಇಪ್ಪತ್ತು ವರ್ಷ ಹಾಗೆ ನೋಡಿ ನೋಡಿ, ಮನುಷ್ಯರನ್ನೂ ಅವನು ಅದೇ ಕಣ್ಣಿನಿಂದ ನೋಡುತ್ತಿದ್ದ. ಯಾರಾದರೂ ವಿನಾಕಾರಣ ನಕ್ಕರೆ ಸಾಕು, ಒಳಗೆ ಎಲ್ಲೋ ಟೊಳ್ಳಿದೆ ಎಂದು ಮನಸ್ಸಿನಲ್ಲೇ ತಟ್ಟಿ ನೋಡುತ್ತಿದ್ದ.

ಮಾತು ಬಹಳ ಕಡಿಮೆ. ಒಪ್ಪಿಗೆಯಾದರೆ ಹೂಂ, ಇಲ್ಲವಾದರೆ ಉಹೂಂ. ಮೇಲ್ ಬರೆದರೂ ಅಷ್ಟೇ. ಮನೆಯಲ್ಲಿ ಹೆಂಡತಿ ಊಟ ಹೇಗಿದೆ ಅಂದರೆ ಹೂಂ, ಮಗಳ ಹಾಸ್ಟೆಲಿಗೆ ಯಾವಾಗ ಹೋಗೋಣ ಅಂದರೂ ಹೂಂ. ಅವನ ಬಾಯಿ ಬಿಚ್ಚಿಸುವ ಶಕ್ತಿ ಇದ್ದದ್ದು ಒಬ್ಬಳಿಗೇ. ಎರಡು ವರ್ಷದ ಹಿಂದೆ ಸೇರಿದ್ದ ಕಿರಿಯ ಎಂಜಿನಿಯರ್ ಆಕೆ. ಕಂಡದ್ದಕ್ಕೆಲ್ಲ ಪ್ರಶ್ನೆ ಕೇಳುತ್ತಿದ್ದುದರಿಂದ ಅವಳಿಗೆ ಪ್ರಶ್ನೆ ಮೇಡಂ ಎಂದು ಹೆಸರು ಬಿದ್ದಿತ್ತು. ಅವಳು ಒಂದು ಕೇಳಿದರೆ ಬಿರುಕಪ್ಪ ಪುಟಗಟ್ಟಲೆ ಬರೆಯುತ್ತಿದ್ದ: ನೀರು ಕಂಬದ ಬುಡದ ಮಣ್ಣನ್ನು ಹೇಗೆ ಕದ್ದೊಯ್ಯುತ್ತದೆ, ಕಬ್ಬಿಣ ತುಕ್ಕು ಹಿಡಿದರೆ ಕಾಂಕ್ರೀಟು ಹೇಗೆ ಉಬ್ಬುತ್ತದೆ. ಹತ್ತು ಜನ ಇಣುಕುವ ಕಚೇರಿಯಲ್ಲಿ ಮೇಲ್ ತೆರೆಯಲು ಅವನಿಗೆ ಮನಸ್ಸು ಬಾರದು. ಮನೆಯ ಹಾಲ್‌ನ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಫೋನಿನ ತಂತಿ ಸಿಕ್ಕಿಸಿ ಬರೆಯುತ್ತಿದ್ದ. ಹೆಂಡತಿ ಬಟ್ಟೆ ಮಡಿಸುತ್ತ ಆ ಟಕಟಕ ಸದ್ದು ಕೇಳಿಸಿಕೊಳ್ಳುತ್ತಿದ್ದಳು.

ಆ ವರ್ಷ ನೆರೆ ಬಂದು ಊರ ನಡುವಿನ ಹಳೇ ಸೇತುವೆಯ ಮೇಲೆ ಓಡಾಟ ನಿಂತಿತು. ನೀರು ಇಳಿದರೂ ಬಿರುಕಪ್ಪನ ಹೂಂ ಸಿಗದೆ ಅದು ತೆರೆಯುವಂತಿರಲಿಲ್ಲ. ಆಚೆ ದಡದವರು ಆಸ್ಪತ್ರೆಗೆ, ಶಾಲೆಗೆ ಅರ್ಧ ದಿನದ ಸುತ್ತು ಹೊಡೆದು ಬರುತ್ತಿದ್ದರು. ಅಂಥ ಹೊತ್ತಿನಲ್ಲೇ ದೊಡ್ಡ ಸಾಹೇಬರು ಅವನನ್ನು ಕರೆದು, "ನದಿ ಮೇಲ್ಗಡೆ ಇನ್ನೂ ಎಷ್ಟು ನೀರಿದೆ ಅಂತ ನೀವೇ ಹೋಗಿ ನೋಡ್ಬೇಕು. ನಿಮ್ಮ ಕಣ್ಣು ಬೇರೆಯವರಿಗೆ ಬರಲ್ಲ. ಒಂದು ವಾರ ಇದ್ದು ಬನ್ನಿ, ಹವಾ ಬದಲಾದ ಹಾಗೂ ಆಗತ್ತೆ," ಅಂದರು. ಅಂದು ನಕ್ಕರು.

ಆ ನಗು ಬಿರುಕಪ್ಪನಿಗೆ ಹಿಡಿಸಲಿಲ್ಲ. ಜೀಪು ಹತ್ತುವಾಗಲೂ ಅದೇ ಯೋಚನೆ: ನನ್ನನ್ನು ಯಾಕೆ ಈಗಲೇ ದೂರ ಕಳಿಸುತ್ತಿದ್ದಾರೆ?

ನೀರಿನ ಮಟ್ಟ ಅಳೆಯುವ ಕೇಂದ್ರ ಅಂದರೆ ನದಿಯ ದಂಡೆಯ ಮೇಲೆ ಎರಡು ಕೋಣೆ, ತಗಡಿನ ಚಾವಣಿ, ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಪಕ್ಕ ಬಿಳಿ ಕಪ್ಪು ಗೆರೆಗಳ ಅಳತೆ ಹಲಗೆ. ಅಲ್ಲಿಗೆ ಮೊಬೈಲಿನ ಗಾಳಿಯೂ ಸುಳಿಯುತ್ತಿರಲಿಲ್ಲ. ಇದ್ದದ್ದು ಒಂದು ಫೋನು, ಅದಕ್ಕೆ ಜೋಡಿಸಿದ ಒಂದು ಮುದಿ ಕಂಪ್ಯೂಟರು. ದಿನಕ್ಕೆ ಕೆಲವು ಸಲ ನೀರಿನ ಮಟ್ಟವನ್ನು ಮುಖ್ಯ ಕಚೇರಿಗೆ ಕಳಿಸುವುದಷ್ಟೇ ಅದರ ಕೆಲಸ. ನೋಡಿಕೊಳ್ಳುತ್ತಿದ್ದವನು ನಡುವಯಸ್ಸಿನ ಒಬ್ಬ ಕಾವಲುಗಾರ. ವಾರಗಟ್ಟಲೆ ಮನುಷ್ಯರ ಮುಖ ಕಾಣದವನಾದ್ದರಿಂದ, ಸಿಕ್ಕಿದವರ ಜೊತೆ ಮಾತಿನ ಬಾಕಿಯೆಲ್ಲ ತೀರಿಸಿಕೊಳ್ಳುತ್ತಿದ್ದ.

"ಇದರಲ್ಲಿ ಮೇಲ್ ನೋಡ್ಬಹುದಾ?" ಬಿರುಕಪ್ಪ ಕೇಳಿದ.

"ಇದರಲ್ಲಿ ಮುಖ ನೋಡ್ಕೋಬಹುದು ಸ್ವಾಮಿ, ಪರದೆ ಅಷ್ಟು ಕಪ್ಪಗಿದೆ. ಮೇಲ್ ಗೀಲ್ ಗೊತ್ತಿಲ್ಲ."

ಮನೆಯಲ್ಲಾದರೆ ಒಂದು ಚಿತ್ರವನ್ನು ಒತ್ತಿದರೆ ಸಾಕು, ಕಾಗದಗಳೆಲ್ಲ ತಾವಾಗಿ ಬಂದು ಸಾಲಾಗಿ ನಿಲ್ಲುತ್ತಿದ್ದವು. ಇಲ್ಲಿ ಆ ಸಾಫ್ಟ್‌ವೇರ್ ಇಲ್ಲ, ಹಾಕಲು ಜಾಗವೂ ಇಲ್ಲ. ಕೊನೆಗೆ ಮೇಲ್ ಸೇವೆಯವರ ಸಹಾಯವಾಣಿಗೆ ಫೋನು ಮಾಡಿದ. ಆಕಳಿಕೆ ತಡೆದುಕೊಂಡು ಮಾತಾಡುತ್ತಿದ್ದ ಒಬ್ಬ ಹುಡುಗಿ ಸಿಕ್ಕಳು. ಯಾವ ಸಾಫ್ಟ್‌ವೇರೂ ಇಲ್ಲದೆ ಸರ್ವರಿನ ಜೊತೆ ನೇರವಾಗಿ ಮಾತಾಡಬಹುದು, ಆಜ್ಞೆಗಳನ್ನು ಕೈಯಾರೆ ಟೈಪ್ ಮಾಡಬೇಕು ಅಷ್ಟೇ ಅಂದಳು. ಹೆಸರು ಹೇಳುವುದಕ್ಕೆ ಒಂದು ಪದ, ಪಾಸ್‌ವರ್ಡಿಗೆ ಒಂದು, ಪಟ್ಟಿ ಕೇಳಲು ಒಂದು, ಕಾಗದ ತರಿಸಲು ಒಂದು. ಬಿರುಕಪ್ಪ ಬರೆದುಕೊಂಡ. ಬಾಗಿಲು ತಟ್ಟಿ, ಯಾರು ಅಂದಾಗ ಹೆಸರು ಹೇಳಿ, ಒಳಗೆ ಬಿಟ್ಟ ಮೇಲೆ ಒಂದೊಂದಾಗಿ ಕೇಳಿ ಪಡೆಯುವಂಥ ವ್ಯವಹಾರ.

ಮೊದಲ ದಿನ ಪಟ್ಟಿ ಬಂತು. ಕಪ್ಪು ಪರದೆಯ ಮೇಲೆ ಬರೀ ಸಂಖ್ಯೆಗಳು, ಪ್ರತಿಯೊಂದರ ಮುಂದೆ ಅದರ ಗಾತ್ರ. ಯಾರು ಬರೆದದ್ದೆಂದು ತಿಳಿಯಬೇಕಾದರೆ ತರಿಸಲೇಬೇಕು. ಮೊದಲನೆಯದನ್ನು ತರಿಸಿದ. ಕಚೇರಿಯ ಸುತ್ತೋಲೆ. ಯಾವನೋ ಪುಣ್ಯಾತ್ಮ ಅದಕ್ಕೊಂದು ಚಿತ್ರ ಅಂಟಿಸಿದ್ದ. ಮೇಲಿನ ನಾಲ್ಕು ಸಾಲಾದ ಮೇಲೆ ಅರ್ಥವಿಲ್ಲದ ಅಕ್ಷರಗಳ ಗುಂಪು ಇರುವೆ ಸಾಲಿನ ಹಾಗೆ ಹರಿಯತೊಡಗಿತು. ಹರಿಯಿತು, ಹರಿಯಿತು, ನಿಲ್ಲಲೇ ಇಲ್ಲ. ಕಾವಲುಗಾರ ಬೆನ್ನ ಹಿಂದೆ ನಿಂತು ಟೀ ಕುಡಿಯುತ್ತ ಅದನ್ನು ಶ್ರದ್ಧೆಯಿಂದ ನೋಡಿದ.

"ಯಾವ ಭಾಷೆ ಸ್ವಾಮಿ ಇದು?"

"ಚಿತ್ರ."

"ಹಾಗಾದ್ರೆ ಬರೆದವರು ಕುಡಿದಿದ್ರು."

ಅಷ್ಟರಲ್ಲಿ ನೀರಿನ ಮಟ್ಟ ಕಳಿಸುವ ಹೊತ್ತಾಯಿತೆಂದು ಅವನು ಲೈನು ಬಿಡಿಸಿಕೊಂಡ. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಭಾರವಾದ ಕಾಗದ ಇದ್ದುದನ್ನು ಬಿರುಕಪ್ಪ ಗಮನಿಸಿದ್ದ. ಊಟವಾದ ಮೇಲೆ ಅದನ್ನು ನೋಡೋಣವೆಂದು ಮತ್ತೆ ಲೈನು ಹಿಡಿದು, ಹೆಸರು ಹೇಳಿ, ಪಟ್ಟಿ ಕೇಳಿದ.

ಏನೂ ಇಲ್ಲ ಅಂದಿತು ಸರ್ವರ್.

ಅವನು ಮತ್ತೊಮ್ಮೆ ಕೇಳಿದ. ಏನೂ ಇಲ್ಲ. ಬೆಳಿಗ್ಗೆ ಇದ್ದ ಒಂದು ರಾಶಿ ಕಾಗದ ಮಧ್ಯಾಹ್ನಕ್ಕೆ ಗುಡಿಸಿ ಹಾಕಿದ ಹಾಗೆ ಮಾಯವಾಗಿತ್ತು. ಅವನಂತೂ ಯಾವುದನ್ನೂ ಅಳಿಸಿರಲಿಲ್ಲ. ಅಳಿಸುವ ಪದವನ್ನು ಆ ಹುಡುಗಿ ಹೇಳಿಕೊಟ್ಟಿದ್ದಳು, ಆದರೆ ಅವನು ಅದನ್ನು ಕೈತಪ್ಪಿ ಹೊಡೆಯದಿರಲೆಂದು ಹಾಳೆಯ ಒಂದು ಮೂಲೆಯಲ್ಲಿ ಬೇರೆಯಾಗಿ ಬರೆದುಕೊಂಡಿದ್ದ.

ನಿಧಾನವಾಗಿ ತಿರುಗಿ ಕಾವಲುಗಾರನನ್ನು ನೋಡಿದ. ಬೆಳಿಗ್ಗೆ ಪಾಸ್‌ವರ್ಡ್ ಹೊಡೆಯುವಾಗ ಇವನು ಹಿಂದೆಯೇ ನಿಂತಿದ್ದನಲ್ಲ.

"ಮಧ್ಯಾಹ್ನ ನೀವು ಇದನ್ನ ಮುಟ್ಟಿದ್ರಾ?"

"ಮುಟ್ಟದೆ ಇರ್ತೀನಾ, ನೀರು ಕಳ್ಸೋದು ಇದರಲ್ಲೇ ಅಲ್ವಾ?"

"ಅದಲ್ಲ. ನನ್ನ ಪಾಸ್‌ವರ್ಡ್..."

ಕಾವಲುಗಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಲೋಟ ಕೆಳಗಿಟ್ಟ. "ಸ್ವಾಮಿ, ನಂಗೆ ನನ್ನ ಹೆಂಡ್ತಿ ಬರೆದ ಕಾಗದ ಓದೋಕೇ ಬೇಜಾರು. ನಿಮ್ಮ ಕಾಗದ ಕದ್ದು ಏನ್ ಮಾಡ್ಲಿ, ಒಲೆಗೆ ಹಾಕೋಕೂ ಆಗಲ್ಲ." ಅಷ್ಟು ಹೇಳಿ ಎದ್ದು ಹೋದವನು ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಅದು ಅವನ ಮಟ್ಟಿಗೆ ದೊಡ್ಡ ಉಪವಾಸವೇ ಸರಿ.

ಸಂಜೆ ಬಿರುಕಪ್ಪ ಮನೆಗೆ ಫೋನು ಮಾಡಿದ. ಎಂಗೇಜು. ಒಂದು ಗಂಟೆ ಬಿಟ್ಟು ಮಾಡಿದ. ಆಗಲೂ ಎಂಗೇಜು. ಅವನ ಹೆಂಡತಿ ಫೋನಿನಲ್ಲಿ ಹರಟುವವಳಲ್ಲ. ಅಕ್ಕತಂಗಿಯರ ಹತ್ತಿರವೂ ಮಾತು ಮುಗಿಸಿ ಇಟ್ಟುಬಿಡುವವಳು. ಕೊನೆಗೊಮ್ಮೆ ಲೈನು ಸಿಕ್ಕಿತು.

"ಯಾರ ಹತ್ರ ಮಾತಾಡ್ತಿದ್ದೆ ಇಷ್ಟು ಹೊತ್ತು?"

"ಯಾರ ಹತ್ರಾನೂ ಇಲ್ಲ," ಅಂದಳು. ದನಿ ಬಿಗಿಯಾಗಿತ್ತು. "ಅಲ್ಲಿ ಯಾರ್ಯಾರಿದ್ದೀರಾ?"

"ನಾನು, ಕಾವಲಿನವನು."

"ಅಷ್ಟೇನಾ?"

"ಹೂಂ."

"ಹೂಂ," ಅಂತ ಅವಳೂ ಅಂದು ಫೋನು ಇಟ್ಟಳು.

ಮರುದಿನ ಸಹಾಯವಾಣಿಗೆ ಮತ್ತೆ ಫೋನು ಮಾಡಿ, ಕಾಗದವನ್ನು ಪೂರ್ತಿ ಎಳೆಯದೆ ಇಣುಕಿ ನೋಡುವ ದಾರಿ ಇದೆಯೇ ಎಂದು ಕೇಳಿದ. ಇದೆ, ಮೇಲಿನ ಇಷ್ಟು ಸಾಲು ಮಾತ್ರ ಕೊಡು ಅಂತ ಕೇಳಬಹುದು ಅಂದಳು ಹುಡುಗಿ. ಕಾಗದಗಳು ಮಾಯವಾದ ಸುದ್ದಿಯನ್ನು ಅವನು ಬಾಯಿ ಬಿಡಲಿಲ್ಲ. ಪಾಸ್‌ವರ್ಡುಗಳೆಲ್ಲ ಇರುವ ಜಾಗದಲ್ಲಿ ಕೂತವಳು ಇವಳೇ ಅಲ್ಲವೇ ಎಂಬ ಹುಳ ಆಗಲೇ ತಲೆ ಹೊಕ್ಕಿತ್ತು.

ಅಂದಿನಿಂದ ಅವನು ಎಲ್ಲವನ್ನೂ ಮೊದಲ ಹತ್ತು ಸಾಲಿನಲ್ಲೇ ಓದತೊಡಗಿದ. ಲೈನಿಗೆ ಭಾರವಿಲ್ಲ, ಹೊತ್ತೂ ಉಳಿಯುತ್ತದೆ. ಆದರೆ ಅರ್ಧ ಕಾಗದ ಅಂದರೆ ಅರ್ಧ ತೆರೆದ ಬಾಗಿಲ ಹಾಗೆ. ಒಳಗಿನ ಮಾತು ತುಂಡು ತುಂಡಾಗಿ ಬೀಳುತ್ತದೆ. ದೊಡ್ಡ ಸಾಹೇಬರ ಒಂದು ಕಾಗದದಲ್ಲಿ "ನೀವು ಅಲ್ಲಿರುವುದೇ ಒಳ್ಳೆಯದಾಯಿತು, ಇಲ್ಲಿ" ಎಂಬಲ್ಲಿಗೆ ಹತ್ತನೆಯ ಸಾಲು ಮುಗಿದಿತ್ತು. ಇಲ್ಲಿ ಏನು? ಉಳಿದದ್ದನ್ನು ಕೇಳುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಹೋದಾಗ ಅದೂ ಇಲ್ಲ, ಬೇರೆಯವೂ ಇಲ್ಲ. ಆ ದಿನ ಕಾವಲುಗಾರ ಬೆಳಿಗ್ಗೆಯಿಂದ ಸಾಮಾನು ತರಲು ಹೋಗಿದ್ದ. ಹಾಗಾಗಿ ಅವನ ಮೇಲಿನ ಗುಮಾನಿ ಇಳಿಯಿತು. ಇಳಿದದ್ದು ದೊಡ್ಡ ಸಾಹೇಬರ ಹೆಗಲೇರಿ ಕೂತಿತು.

ಭಾನುವಾರ ಮಧ್ಯಾಹ್ನ ಪಟ್ಟಿಯಲ್ಲಿ ಒಂದೇ ಒಂದು ಕಾಗದ ಇತ್ತು. ಹತ್ತು ಸಾಲು ಕೇಳಿದ. ಕಳಿಸಿದವಳು ಪ್ರಶ್ನೆ ಮೇಡಂ. ಅಕ್ಷರಗಳು ಒಂದೊಂದಾಗಿ ಮೂಡಿದವು:

"ಸರ್, ನಿಮ್ಮ ಒಪ್ಪಿಗೆ ತಲುಪಿತು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ದೊಡ್ಡ ಸಾಹೇಬರಿಗೂ ಹೇಳಿದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿನಿಂದಲೇ ಸೇತುವೆ"

ತುಂಡು ತುಂಡು ಸಾಲುಗಳಲ್ಲಿ ಬಂದದ್ದು, ಅಲ್ಲಿಗೆ ಹತ್ತು ಮುಗಿಯಿತು.

ಬಿರುಕಪ್ಪ ಮತ್ತೊಮ್ಮೆ ಓದಿದ. ಅವನು ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಉಳಿದದ್ದನ್ನು ಕೇಳಿದ. ಲೈನು ಕಡಿಯಿತು. ಮೋಡೆಮ್ ಕೀರಲು ದನಿ ತೆಗೆದು, ಗೊರಗೊರ ಅಂದು, ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಆ ಕಾಗದವೂ ಹೋಗಿತ್ತು. ಅವನ ಕಣ್ಣೆದುರೇ ಯಾರೋ ಎತ್ತಿಕೊಂಡು ಹೋದಂತಿತ್ತು.

ಈಗ ಎಲ್ಲ ಜೋಡಣೆಯಾಯಿತು ಎಂದುಕೊಂಡ. ದೂರ ಕಳಿಸಿದ್ದು ಅದಕ್ಕೇ. ತನ್ನ ಮೇಲ್ ಯಾರದೋ ಕೈಯಲ್ಲಿದೆ. ತನ್ನ ಹೆಸರಿನಲ್ಲಿ ಒಪ್ಪಿಗೆ ಹೋಗಿದೆ. ಅದನ್ನು ಪಡೆದವಳು, ದೊಡ್ಡ ಸಾಹೇಬರಿಗೆ ಮುಟ್ಟಿಸಿದವಳು ಒಬ್ಬಳೇ. ಎಷ್ಟು ಪ್ರಶ್ನೆ ಕೇಳುತ್ತಿದ್ದಳು! ಒಮ್ಮೆ ತನ್ನ ಪಕ್ಕದಲ್ಲೇ ಕೂತು ಈ ಮೇಲ್ ಹೇಗೆ ಕೆಲಸ ಮಾಡುತ್ತೆ ಸರ್ ಎಂದೂ ಕೇಳಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳ ಒಂದೊಂದು ಪ್ರಶ್ನೆಯೂ ಈಗ ಕನ್ನ ಕೊರೆಯುವ ಕತ್ತಿಯ ಹಾಗೆ ಕಾಣತೊಡಗಿತು.

ಕಚೇರಿಗೆ ಫೋನು ಮಾಡಿದ. ರಜೆ, ಗಂಟೆ ಬಾರಿಸಿ ಬಾರಿಸಿ ಸುಮ್ಮನಾಯಿತು. ಅವಳ ಮನೆ ನಂಬರು, ದೊಡ್ಡ ಸಾಹೇಬರ ಮನೆ ನಂಬರು ಎರಡೂ ಇದ್ದದ್ದು ಅವನ ಮನೆಯ ಕಂಪ್ಯೂಟರಿನಲ್ಲಿ. ಮನೆಗೆ ಮಾಡಿದ. ಎಂಗೇಜು.

ಆಗ ಅವನು ದೊಡ್ಡ ಸಾಹೇಬರಿಗೆ ಮೇಲ್ ಬರೆಯಲು ಕೂತ. ಓದುವುದಕ್ಕಿಂತ ಬರೆಯುವುದು ಇನ್ನೂ ತ್ರಾಸು. ಒಂದು ಅಕ್ಷರ ತಪ್ಪಿದರೆ ಅಳಿಸುವಂತಿಲ್ಲ, ಮೊದಲಿನಿಂದ ಶುರು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಕಳಿಸಿದ: "ಸೇತುವೆಗೆ ನನ್ನ ಒಪ್ಪಿಗೆ ಇಲ್ಲ. ನನ್ನ ಹೆಸರಿನಲ್ಲಿ ಬಂದದ್ದು ನಕಲಿ. ಕಿರಿಯ ಎಂಜಿನಿಯರನ್ನು ವಿಚಾರಿಸಬೇಕು. ಆಕೆಯ ಮೇಲೆ ನನಗೆ ಅನುಮಾನವಿದೆ." ಅಂಗೀಕರಿಸಲಾಗಿದೆ ಅಂದಿತು ಸರ್ವರ್. ಕಳಿಸಿದ ಮೇಲೆ ನೆನಪಾಯಿತು: ದೊಡ್ಡ ಸಾಹೇಬರು ಇದನ್ನು ನೋಡುವುದು ನಾಳೆ ಕಚೇರಿಗೆ ಬಂದ ಮೇಲೆ. ಅಷ್ಟರಲ್ಲಿ ಬಸ್ಸುಗಳು ಸೇತುವೆ ಹತ್ತಿರುತ್ತವೆ.

ಗತಿಯಿಲ್ಲದೆ ಸಹಾಯವಾಣಿಯ ಹುಡುಗಿಗೆ ಎಲ್ಲ ಹೇಳಿದ. ಕಾಗದಗಳು ಕಳುವಾಗುತ್ತಿವೆ, ದಿನವೂ, ನನ್ನ ಕಣ್ಣ ಮುಂದೆಯೇ.

ಆಕೆಯ ಆಕಳಿಕೆ ಮೊದಲ ಸಲ ನಿಂತಿತು. "ಒಂದ್ನಿಮಿಷ ಸರ್." ಕೀಲಿಗಳ ಸದ್ದು. "ಕಳುವಾಗಿಲ್ಲ ಸರ್. ನಿಮ್ಮ ಮನೇಲಿ ಕಂಪ್ಯೂಟರ್ ಇದ್ಯಾ?"

"ಇದೆ. ಆರಿಸಿ ಬಂದಿದ್ದೀನಿ."

"ಯಾರೋ ಹಚ್ಚಿದ್ದಾರೆ ಹಾಗಾದ್ರೆ. ನಿಮ್ಮ ಸಾಫ್ಟ್‌ವೇರ್ ತೆಗೆದ ತಕ್ಷಣ ಇಲ್ಲಿರೋ ಮೇಲ್‌ಗಳನ್ನೆಲ್ಲ ಅಲ್ಲಿಗೆ ಇಳಿಸ್ಕೊಂಡು ಇಲ್ಲಿಂದ ಅಳಿಸಿಬಿಡತ್ತೆ. ದಿನಾ ನೀವು ಮನೇಲಿ ಓದುವಾಗ್ಲೂ ಅದೇ ಆಗೋದು. ನಿಮ್ಮ ಮನೆ ನಂಬರಿನಿಂದ ಈಗ್ಲೂ ಲೈನು ಹಿಡಿದಿದ್ದಾರೆ, ನೋಡಿ. ಮನೇಲಿ ಯಾರಿದ್ದಾರೆ ಸರ್?"

ಮನೆಯಲ್ಲಿ ಇದ್ದವಳು ಒಬ್ಬಳೇ. ಫೋನು ಯಾವಾಗಲೂ ಎಂಗೇಜಾಗಿದ್ದುದೂ ಅದಕ್ಕೇ. ಬಿರುಕಪ್ಪನ ಅನುಮಾನ ಈಗ ಕಚೇರಿ ಬಿಟ್ಟು ಮನೆಯ ಹೊಸಿಲು ದಾಟಿತು. ಇವಳು ಯಾರ ಪರವಾಗಿ? ಯಾರು ಹೇಳಿಕೊಟ್ಟರು? ಇಷ್ಟು ವರ್ಷ ಬಟ್ಟೆ ಮಡಿಸುತ್ತ ಸುಮ್ಮನೆ ಕೂತಿದ್ದವಳು!

ಮಹಡಿ ಮನೆಯ ಟೀಚರಮ್ಮನ ನಂಬರು ಅದೃಷ್ಟಕ್ಕೆ ಬಾಯಿಪಾಠವಿತ್ತು. ಅವರು ಕೆಳಗಿಳಿದು ಹೋಗಿ ಹೆಂಡತಿಯನ್ನು ಕರೆತಂದರು.

"ಏನ್ರೀ? ಏನಾಯ್ತು?"

"ನನ್ನ ಕಂಪ್ಯೂಟರ್ ಯಾಕೆ ಮುಟ್ಟಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ಉಲ್ಟಾ ಅವನ ಮೇಲೇ ಬಿದ್ದಳು. "ಮೊದ್ಲು ನೀವು ಹೇಳಿ. ಯಾರ್ರೀ ಅವಳು?"

"ಯಾವಳು?"

"ಅದೇ, ನೀವಿಲ್ಲದೆ ಒಂದು ಹೆಜ್ಜೆ ಮುಂದಿಡೋಕಾಗಲ್ಲ ಅಂದವಳು. ನೀವು ಒಂದು ಹೂಂ ಅಂದ್ರೆ ಸಾಕು, ಉಳಿದಿದ್ದೆಲ್ಲ ನಾನು ನೋಡ್ಕೋತೀನಿ ಅಂದವಳು. ಮಗಳಿಗೆ ಒಂದು ಮೇಲ್ ಹಾಕೋಣ ಅಂತ ತೆಗೆದೆ. ಕಣ್ಣಿಗೆ ಬಿತ್ತು. ಹಳೇದೆಲ್ಲ ನೋಡಿದೆ, ಪುಟಗಟ್ಟಲೆ ಬರ್ದಿದ್ದೀರಿ ಅವಳಿಗೆ. ನನ್ನ ಹತ್ರ ಹೂಂ ಬಿಟ್ರೆ ಎರಡಕ್ಷರ ಆಡಿದ್ದೀರಾ ಈ ವರ್ಷ?"

ಬಿರುಕಪ್ಪನಿಗೆ ಎಲ್ಲೋ ಒಂದು ಕಡೆ ಭಯಂಕರವಾದದ್ದು ಹೊಳೆಯತೊಡಗಿತ್ತು. "ಅದಕ್ಕೆ ನೀನು ಏನ್ ಮಾಡ್ದೆ?"

"ಏನ್ ಮಾಡ್ಲಿ? ಇಷ್ಟು ದಿನ ತಡ್ಕೊಂಡೆ. ಇವತ್ತು ಬೆಳಿಗ್ಗೆ, ಅವಳು ಏನಂತಾಳೆ ನೋಡೋಣ ಅಂತ ಉತ್ತರ ಹಾಕ್ದೆ. ನೀವು ಬರೆಯೋ ಹಾಗೇ ಬರ್ದೆ. ಅದಕ್ಕೇನ್ ಮಹಾ ವಿದ್ಯೆ ಬೇಕಾ? 'ಹೂಂ' ಅಂದೆ, ಅಷ್ಟೇ. ತಕ್ಷಣ ಬಂತಲ್ಲ, ಎದೆ ಮೇಲಿನ ಕಲ್ಲು ಇಳೀತಂತೆ!"

"ಆ ಮೊದಲನೇ ಕಾಗದ ಪೂರ್ತಿ ಓದಿದ್ಯಾ?"

"ಮೇಲಿನ ನಾಲ್ಕು ಸಾಲು ಓದೋ ಹೊತ್ತಿಗೆ ನನ್ನ ತಲೆ ಕೆಟ್ಟುಹೋಯ್ತು. ಪೂರ್ತಿ ಬೇರೆ ಓದ್ಬೇಕಾ?"

"ಕೆಳಗೆ ಹೋಗಿ ಅದನ್ನ ಬರ್ಕೊಂಡು ಬಾ. ಒಂದಕ್ಷರ ಬಿಡ್ಬೇಡ. ಅವಳ ಮನೆ ನಂಬರೂ ಕಂಪ್ಯೂಟರಲ್ಲೇ ಇದೆ, ತಗೊಂಡು ಬಾ. ಓಡು."

ಅವನ ದನಿಯಲ್ಲಿ ಏನಿತ್ತೋ, ಅವಳು ಎದುರಾಡದೆ ಹೋದಳು. ಟೀಚರಮ್ಮ ರಿಸೀವರು ಹಿಡಿದು, "ಎಲ್ಲಾ ಸರಿ ಹೋಗತ್ತೆ ಬಿಡಿ, ಸಂಸಾರ ಅಂದ್ಮೇಲೆ ಇದ್ದದ್ದೇ," ಅಂತ ತಮ್ಮ ಪಾಡಿಗೆ ಸಮಾಧಾನ ಹೇಳುತ್ತಿದ್ದರು. ಹೆಂಡತಿ ಏದುಸಿರು ಬಿಡುತ್ತ ಬಂದು ಓದತೊಡಗಿದಳು.

"'ಸರ್, ನೀವಿಲ್ಲದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿಲ್ಲ. ಎಲ್ಲರೂ ಒತ್ತಾಯ ಮಾಡುತ್ತಿದ್ದಾರೆ, ನಾನೊಬ್ಬಳೇ ಎಷ್ಟು ದಿನ ತಡೆಯಲಿ? ನೀವು ಒಂದು ಹೂಂ ಅಂದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.' ಇದೇ ಇದೇ. ಆಮೇಲೆ... 'ಮೂರನೆಯ ಕಂಬದ ಬುಡದ ಫೋಟೋ ಅಂಟಿಸಿದ್ದೇನೆ. ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದೆ, ಆದರೆ ನನ್ನ ಕಣ್ಣನ್ನು ನಂಬಲು ನನಗೆ ಧೈರ್ಯವಿಲ್ಲ. ನೀವು ನೋಡಿ ಒಪ್ಪಿದರೆ ಮಾತ್ರ...'" ಅವಳ ದನಿ ಇಳಿಯುತ್ತ ಬಂತು. "'ಒಪ್ಪಿದರೆ ಮಾತ್ರ ಬಸ್ಸುಗಳನ್ನು ಬಿಡುತ್ತೇವೆ.' ರೀ... ಯಾವ ಬಸ್ಸು?"

"ಜನ ಕೂರೋ ಬಸ್ಸು."

ಅವಳು ಅಳಲಿಲ್ಲ. ಸ್ಪಷ್ಟವಾಗಿ, ಎರಡೆರಡು ಸಲ ಫೋನ್ ನಂಬರು ಹೇಳಿದಳು.

ಪ್ರಶ್ನೆ ಮೇಡಂ ಮೊದಲ ಗಂಟೆಗೇ ಎತ್ತಿದಳು. "ಬಸ್ಸು ಬಿಡಬೇಡಿ," ಅಂದ ಬಿರುಕಪ್ಪ. "ಆ ಹೂಂ ನನ್ನದಲ್ಲ." ಅವಳ ಜಾಯಮಾನಕ್ಕೆ ನೂರು ಪ್ರಶ್ನೆ ಬರಬೇಕಿತ್ತು. ಒಂದೂ ಬರಲಿಲ್ಲ. "ಸರಿ ಸರ್. ಈಗ್ಲೇ ಹೋಗಿ ಅಡ್ಡಗಟ್ಟೆ ಹಾಕಿಸ್ತೀನಿ," ಅಂದಳು.

ಬೆಳಗಾಗುತ್ತಲೇ ಕಾವಲುಗಾರ ಜೀಪು ತರಿಸಿಕೊಟ್ಟ. ಬಿರುಕಪ್ಪ ಹತ್ತುವ ಮುಂಚೆ ಅವನ ಕೈ ಹಿಡಿದು, "ಆವತ್ತು ನಾನು ಹಾಗೆ ಕೇಳಬಾರದಿತ್ತು," ಅಂದ. "ಹೋಗ್ಲಿ ಬಿಡಿ ಸ್ವಾಮಿ. ಯಾರು ಕದ್ದಿದ್ರು ಕೊನೆಗೆ?" ಎಂದು ಕೇಳಿದ ಅವನು. "ನಾನೇ," ಅಂದ ಬಿರುಕಪ್ಪ. ಕಾವಲುಗಾರನಿಗೆ ಇನ್ನೊಂದು ವಾರಕ್ಕೆ ಸಾಕಾಗುವಷ್ಟು ಯೋಚನೆಯಾಯಿತು.

ದಾರಿಯ ನಡುವೆ ಆ ಮೇಲ್ ನೆನಪಾಯಿತು. ಆಕೆಯ ಮೇಲೆ ನನಗೆ ಅನುಮಾನವಿದೆ. ಕಳಿಸಿದ್ದನ್ನು ಹಿಂದಕ್ಕೆಳೆಯುವ ಪದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥದ್ದು ಇರಲೂ ಇಲ್ಲ. ದೊಡ್ಡ ಸಾಹೇಬರು ಓದುವ ಮುಂಚೆ ಹೋಗಿ ಹೇಳಿಬಿಡಬೇಕು ಎಂದುಕೊಂಡ. ಡ್ರೈವರಿಗೆ ಬೇಗ ಹೊಡೆಯಲು ಹೇಳಿದ.

ಸೇತುವೆಯ ಹತ್ತಿರ ಜನವೋ ಜನ. ಬಸ್ಸುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಅಡ್ಡಗಟ್ಟೆಗೆ ಒರಗಿ ಬೀಡಿ ಸೇದುತ್ತ, ಇಲಾಖೆಯನ್ನೂ ಇಲಾಖೆಯವರ ಹಿರಿಯರನ್ನೂ ಸೇರಿಸಿ ಬೈಯುತ್ತಿದ್ದರು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬ ಹೆಂಗಸು, "ನಿನ್ನೆ ಬಿಡ್ತೀವಿ ಅಂದ್ರಿ, ಇವತ್ತು ಇಲ್ಲ ಅಂತೀರಿ. ಈ ಮಗೂನ ಆಸ್ಪತ್ರೆಗೆ ನೀವು ಹೊತ್ಕೊಂಡು ಹೋಗ್ತೀರಾ?" ಅಂದಳು. ಬಿರುಕಪ್ಪ ತಾನು ಬಂದಿದ್ದ ಜೀಪನ್ನೇ ಕೊಟ್ಟು, ಸುತ್ತು ದಾರಿಯಲ್ಲಿ ಅವಳನ್ನು ಕಳಿಸಿದ.

ದೊಡ್ಡ ಸಾಹೇಬರು ಅಲ್ಲೇ ಇದ್ದರು, ಮುಖ ಕೆಂಪಗೆ ಮಾಡಿಕೊಂಡು. "ಏನ್ರೀ ಇದು ಮಕ್ಕಳಾಟ? ಇಲ್ಲಿ ಜನರ ಗಲಾಟೆ, ನೀವು ಅಲ್ಲಿರೋದೇ ಒಳ್ಳೇದು ಅಂತ ನಾನು ಬರೆಸಿದ್ರೆ ಹೀಗಾ? ಹೂಂ ಅಂದೋರೂ ನೀವೇ, ಉಹೂಂ ಅಂದೋರೂ ನೀವೇ!"

"ತಪ್ಪು ನನ್ನ ಮನೇಲಾಯ್ತು ಸರ್. ಇವರದ್ದೇನೂ ಇಲ್ಲ," ಅಂದ ಬಿರುಕಪ್ಪ ಪ್ರಶ್ನೆ ಮೇಡಂ ಕಡೆ ತೋರಿಸುತ್ತ. ಮೇಲ್ ಓದಿದ್ದಾರೋ ಇಲ್ಲವೋ ಎಂದು ಅವರ ಮುಖದಲ್ಲಿ ಹುಡುಕಿದ. ಏನೂ ಗೊತ್ತಾಗಲಿಲ್ಲ.

ದೋಣಿಯಲ್ಲಿ ಅವನೂ ಅವಳೂ ಮೂರನೆಯ ಕಂಬದ ಬುಡಕ್ಕೆ ಹೋದರು. ಹುಟ್ಟು ಹಾಕುವವನು ಕಂಬಕ್ಕೆ ಹಗ್ಗ ಬಿಗಿದ. ಬಿರುಕಪ್ಪ ಉದ್ದನೆಯ ಗಳವನ್ನು ನೀರಿಗಿಳಿಸಿ ತಳ ತಡಕಿದ. ಫೋಟೋದಲ್ಲಿ ಕಾಣುತ್ತಿದ್ದ ಕಲ್ಲುಗಳು ಮೇಲಿನವು. ನೀರಿನೊಳಗೆ, ಪ್ರವಾಹ ಬಡಿಯುವ ಕಡೆ, ಕಲ್ಲು ಇರಬೇಕಾದಲ್ಲಿ ಗಳ ಸಲೀಸಾಗಿ ಇಳಿಯಿತು. ಸೇತುವೆ ಬಿದ್ದೇ ಬಿಡುತ್ತಿತ್ತು ಎಂದು ಹೇಳುವಂತಿರಲಿಲ್ಲ. ಬೀಳುತ್ತಿರಲಿಲ್ಲ ಎಂದೂ ಹೇಳುವಂತಿರಲಿಲ್ಲ. ಅವನು ಅಳತೆ ಕೂಗಿದ, ಅವಳು ಬರೆದುಕೊಂಡಳು.

ಅಳತೆ ಮುಗಿದ ಮೇಲೆ ಅವಳು ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ಅವನ ಕೈಗಿಟ್ಟಳು. ಅವನು ಕಳಿಸಿದ ಮೇಲ್. ಕಚೇರಿಯ ಪ್ರಿಂಟರಿನ ಮಸುಕು ಅಕ್ಷರಗಳಲ್ಲಿ ಅವನದೇ ನಾಲ್ಕು ಸಾಲು.

"ದೊಡ್ಡ ಸಾಹೇಬ್ರು ಕಂಪ್ಯೂಟರ್ ಮುಟ್ಟಲ್ಲ ಸರ್. ಅವರು ಹೇಳಿದ್ದನ್ನ ಟೈಪ್ ಮಾಡಿ ಕಳ್ಸೋದೂ, ಅವರಿಗೆ ಬಂದಿದ್ದನ್ನ ಪ್ರಿಂಟ್ ಮಾಡಿ ಟೇಬಲ್ ಮೇಲಿಡೋದೂ ನಾನೇ. ಬೆಳಿಗ್ಗೆ ಬೇಗ ಹೋಗಿ ತೆಗೆದೆ. ಇದೊಂದನ್ನ ಇಡ್ಲಿಲ್ಲ."

ಬಿರುಕಪ್ಪ ಹಾಳೆಯನ್ನೇ ನೋಡುತ್ತ, ನಡೆದದ್ದನ್ನೆಲ್ಲ ಹೇಳಿದ. ಹೆಂಡತಿ, ಹೂಂ, ನಾಲ್ಕು ಸಾಲು, ಹತ್ತು ಸಾಲು. ಅವನ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಿಲ್ಲ. ಅವಳು ಹುಟ್ಟಿನಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತ ಕೇಳಿಸಿಕೊಂಡಳು.

"ನಿಮ್ಮ ಮನೆಯವರು ಅನುಮಾನ ಪಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ ಸರ್," ಅಂದಳು ಕೊನೆಗೆ. "ಅವರು ನನ್ನ ಮುಖಾನೇ ನೋಡಿಲ್ಲ. ನೀವು ಎರಡು ವರ್ಷ ನೋಡಿದ್ರಿ."

ಅವನು ತಪ್ಪಾಯಿತು ಅಂದ. ಅವಳು ತಲೆಯಾಡಿಸಿದಳು, ಒಪ್ಪಿದ್ದೋ ಬಿಟ್ಟದ್ದೋ ತಿಳಿಯುವಂತಿರಲಿಲ್ಲ. "ಮುಂದಿನ ಕಂಬ ನೋಡೋಣ ಸರ್," ಅಂದಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕಂಪ್ಯೂಟರಿಗೆ ಹಳೇ ಬೆಡ್‌ಶೀಟು ಹೊದಿಸಿ, ಸತ್ತವರ ಹಾಗೆ ಮಲಗಿಸಿದ್ದಳು. ಅವನು ಕೈಕಾಲು ತೊಳೆದು ಬಂದು ಕೂತ.

"ಬಸ್ಸು?" ಅಂದಳು.

"ಒಂದೂ ಸೇತುವೆ ಹತ್ತಲಿಲ್ಲ."

"ಅವಳು ಏನಂದ್ಲು?"

ಹೇಳಿದ. 'ನೀವು ಎರಡು ವರ್ಷ ನೋಡಿದ್ರಿ' ಎಂಬುದನ್ನೂ ಬಿಡದೆ ಹೇಳಿದ. ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದಳು. ಆಮೇಲೆ, "ನೀವು ನನ್ನ ಮೇಲೂ ಅನುಮಾನ ಪಟ್ರಾ, ಆ ಫೋನ್ ಮಾಡೋ ಮುಂಚೆ?" ಎಂದಳು.

"ಪಟ್ಟೆ."

"ಏನಂತ?"

"ಯಾರೋ ನಿನ್ನನ್ನ ಕೊಂಡ್ಕೊಂಡಿದ್ದಾರೆ ಅಂತ."

ಅವಳು ಒಂದು ಕ್ಷಣ ಅವನನ್ನೇ ನೋಡಿ, ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟಳು. "ನನ್ನನ್ನ ಯಾರ್ರೀ ಕೊಂಡ್ಕೋತಾರೆ? ಒಡವೆ ಅಂಗಡಿಯವನೂ ಮುಖ ತಿರುಗಿಸ್ತಾನೆ." ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಅವನಿಗೆ ತಿಳಿಯಲಿಲ್ಲ. ಆ ಸಂಜೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಎಲ್ಲ ಸಿಹಿ ಮಾತೇನಲ್ಲ. ವರ್ಷಗಟ್ಟಲೆ ಹಳೆಯ ಕೆಲವು ದೂರುಗಳೂ ಹೊರಬಂದವು.

ಕಂಬದ ಬುಡಕ್ಕೆ ಕಲ್ಲು ತುಂಬುವ ಕೆಲಸ ಮುಂದಿನ ವಾರ ಶುರುವಾಯಿತು. ಬಿರುಕಪ್ಪ ದಡದ ಮೇಲೆ ನಿಂತು ಲಾರಿಗಳನ್ನು ಎಣಿಸುತ್ತಿದ್ದಾಗ, ಹೆಂಡತಿ ಹೇಳದೆ ಕೇಳದೆ ಆಟೋದಿಂದ ಇಳಿದಳು. ಇವನ ಕಡೆ ನೋಡಲೂ ಇಲ್ಲ. ನೆಟ್ಟಗೆ ಪ್ರಶ್ನೆ ಮೇಡಂ ನಿಂತಿದ್ದಲ್ಲಿಗೆ ಹೋದಳು. ಇಬ್ಬರೂ ಸಿಮೆಂಟಿನ ಮೂಟೆಗಳ ಆಚೆ ಸರಿದು ನಿಂತರು. ಬಿರುಕಪ್ಪನಿಗೆ ಕಾಣುತ್ತಿದ್ದದ್ದು ಅವರ ತಲೆಗಳು ಮಾತ್ರ. ಕಲ್ಲು ಸುರಿಯುವ ಸದ್ದಿನಲ್ಲಿ ಒಂದಕ್ಷರ ಕೇಳಿಸುವಂತಿರಲಿಲ್ಲ. ಹೆಂಡತಿ ಏನೋ ಹೇಳುತ್ತಿದ್ದಳು, ಪ್ರಶ್ನೆ ಮೇಡಂ ತಲೆ ತಗ್ಗಿಸಿದ್ದಳು. ಆಮೇಲೆ ಪ್ರಶ್ನೆ ಮೇಡಂ ಏನೋ ಕೇಳಿದಳು. ಮತ್ತೊಂದು ಕೇಳಿದಳು. ಹೆಂಡತಿ ಕೈಯಾಡಿಸಿ ಉತ್ತರ ಕೊಟ್ಟಳು, ಇವನ ಕಡೆ ಬೆರಳು ಮಾಡಿದಳು, ಇಬ್ಬರೂ ತಿರುಗಿ ಅವನನ್ನು ನೋಡಿದರು.

ಅವರು ಏನು ಮಾತಾಡಿದರೆಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ "ಅದು ನಮ್ಮಿಬ್ಬರದು" ಅನ್ನುತ್ತಾಳೆ. ಪ್ರಶ್ನೆ ಮೇಡಂ ಅಷ್ಟೂ ಹೇಳುವುದಿಲ್ಲ, ಅಳತೆ ಪಟ್ಟಿ ಬಿಚ್ಚಿ ಇನ್ನೊಂದು ತುದಿಯನ್ನು ಅವನ ಕೈಗೆ ಕೊಡುತ್ತಾಳೆ.